ಬೇಡಕಿಹಾಳದಿಂದ ಮಿರಜಕ್ಕೆ

ನಿಪ್ಪಾಣಿಯಿಂದ ಪೂರ್ವದ ಕಡೆಗೆ ಹೊರಟ ಬಸ್ಸು ತಂಬಾಕಿನ ಹೊಲಗಳನ್ನು ಹಿಂದಿಕ್ಕಿ ಕಬ್ಬಿನ ಸೀಮೆಯನ್ನು ಹೊಕ್ಕಂತೆ, ಮಣ್ಣಿನ ಬಣ್ಣವೂ ಮಾತಿನ ಬಣ್ಣವೂ ಒಟ್ಟಿಗೆ ಬದಲಾಗುತ್ತ ಹೋಗುತ್ತವೆ. ಹೊಳೆಯ ಸಮೀಪಕ್ಕೆ ಬಂದಷ್ಟೂ ಎರೆ ಮಣ್ಣು ಕಪ್ಪೇರುತ್ತದೆ. ಬಸ್ಸಿನೊಳಗಿನ ಸಂಭಾಷಣೆ ಕನ್ನಡದಲ್ಲಿ ಮೊದಲಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಯಾವ ಮಾತು ಯಾರದೆಂದು ಇಲ್ಲಿನವರು ಎಣಿಸುವುದಿಲ್ಲ. ತಾಯಿ ಒಂದು ಭಾಷೆಯಲ್ಲಿ ಗದರಿಸಿದರೆ ಮಗು ಮತ್ತೊಂದರಲ್ಲಿ ಅಳುತ್ತದೆ. ಹೀಗೆ ಎರಡು ನುಡಿಗಳ ನಡುವೆ, ದೂಧಗಂಗಾ ನದಿಯ ಬಯಲಿನಲ್ಲಿ ನೆಲೆಸಿರುವ ಊರು ಬೇಡಕಿಹಾಳ. ಹಿಂದೆ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ನಿಪ್ಪಾಣಿ ತಾಲ್ಲೂಕಿನಲ್ಲಿದೆ.

ಬೇಡಕಿಹಾಳದ ಹೆಸರನ್ನು ಸುತ್ತಣ ಸೀಮೆಯಲ್ಲಿ ಹರಡಿರುವುದು ಸಿದ್ಧೇಶ್ವರನ ದಸರೆ. ಆ ದಿನಗಳಲ್ಲಿ ಗಡಿಯ ಎರಡೂ ಕಡೆಯ ಜನ ಇಲ್ಲಿ ಸೇರುತ್ತಾರೆ. ಉಳಿದ ದಿನಗಳಲ್ಲಿ ಇದು ಕಬ್ಬಿನ ಗಾಡಿಗಳ, ಹಾಲಿನ ಕ್ಯಾನುಗಳ, ಶಾಲೆಗೆ ಹೋಗುವ ಮಕ್ಕಳ ಸಾಧಾರಣ ಊರು. ಆದರೆ ಸುತ್ತಲಿನ ನೆಲ ಸಾಧಾರಣವಾದುದಲ್ಲ. ಹತ್ತಿರದಲ್ಲಿಯೇ ವೇದಗಂಗೆ ದೂಧಗಂಗೆಯನ್ನು ಕೂಡುವ ಭೋಜ ಗ್ರಾಮವಿದೆ. 1872ರಲ್ಲಿ ಜನಿಸಿ, ಈ ಭೋಜದಲ್ಲಿ ಬೆಳೆದ ಒಬ್ಬ ರೈತಮಗನೇ ಮುಂದೆ ಎಲ್ಲವನ್ನೂ ತ್ಯಜಿಸಿ, ದಿಗಂಬರ ಮುನಿಪರಂಪರೆಗೆ ಹೊಸ ಚೈತನ್ಯವನ್ನು ತಂದ ಆಚಾರ್ಯ ಶಾಂತಿಸಾಗರರಾದರು. ಮತ್ತೊಂದು ದಿಕ್ಕಿಗೆ ಸದಲಗಾ. 1946ರಲ್ಲಿ ಅಲ್ಲಿ ಹುಟ್ಟಿದ ಬಾಲಕ ಆಚಾರ್ಯ ವಿದ್ಯಾಸಾಗರರಾಗಿ 2024ರಲ್ಲಿ ದೇಹವಿಟ್ಟರು. ‘ನನ್ನದು’ ಎಂಬ ಮಾತನ್ನು ಬಿಟ್ಟವರನ್ನು ಕಣ್ಣಾರೆ ಕಂಡ ಸೀಮೆ ಇದು. ವಿನಯವೆಂದರೇನೆಂಬುದನ್ನು ಈ ಜನಕ್ಕೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿರಲಿಲ್ಲ.

ಆದರೂ ವಿನಯದ ಮತ್ತೊಂದು ರೂಪವನ್ನು ಈ ಊರುಗಳ ಹಿರಿಯರು ನೋಡಿದ್ದುಂಟು. ಅದನ್ನು ಅವರು ಕಂಡದ್ದು ಗುಡಿಯಲ್ಲಲ್ಲ, ಬಸದಿಯಲ್ಲಲ್ಲ, ಎತ್ತರದ ಗೋಪುರದ ಇಗರ್ಜಿಯಲ್ಲಿಯೂ ಅಲ್ಲ. ಎರಡು ಹೊಳೆಗಳಾಚೆಯ ಮಿರಜದಲ್ಲಿ, ಔಷಧದ ವಾಸನೆಯ ನಡುವೆ.

ದೊಡ್ಡ ಬೇನೆಗೆ ಮಿರಜ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ದೊಡ್ಡ ಬೇನೆಗೆ ಮಿರಜವೆಂಬುದು ಬಹುಕಾಲದಿಂದ ರೂಢಿಯಾದ ಮಾತು. ರೈಲುದಾರಿಯ ಸಮೀಪದವರು ಚಿಂಚಲಿಯಲ್ಲಿಯೋ ಕುಡಚಿಯಲ್ಲಿಯೋ ಉಗಾರದಲ್ಲಿಯೋ ಗಾಡಿ ಹತ್ತುತ್ತಿದ್ದರು. ಬೇಡಕಿಹಾಳದಂಥ ಊರಿನವರಿಗೆ ಎತ್ತಿನ ಗಾಡಿಯೇ ಗತಿ. ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿ, ಬೇನೆಯವರನ್ನು ಮಲಗಿಸಿಕೊಂಡು, ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು ನಸುಕಿನಲ್ಲಿ ಹೊರಡುವುದು. ಮೊದಲು ದೂಧಗಂಗೆ, ಆಮೇಲೆ ಕೃಷ್ಣೆ. ಮಳೆಗಾಲದಲ್ಲಿ ಈ ಹೊಳೆಗಳು ತುಂಬಿದರೆ ದಾರಿಯೇ ಇಲ್ಲ. 2019ರ ಆಗಸ್ಟಿನ ಮಹಾಪೂರದಲ್ಲಿ ಇದೇ ನದಿಗಳು ಸೇತುವೆಗಳನ್ನೆಲ್ಲ ಮುಳುಗಿಸಿ ಊರೂರನ್ನೇ ಬೇರ್ಪಡಿಸಿದುದನ್ನು ಕಂಡವರಿಗೆ, ಸೇತುವೆಗಳೇ ವಿರಳವಾಗಿದ್ದ ಕಾಲದಲ್ಲಿ ಹೆರಿಗೆಯ ನೋವು ತಿನ್ನುತ್ತ ದಡದಲ್ಲಿ ಕುಳಿತ ಹೆಣ್ಣಿನ ಅವಸ್ಥೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಅಷ್ಟು ಕಷ್ಟಪಟ್ಟು ಹೋಗುವಂಥದು ಅಲ್ಲಿ ಏನಿತ್ತು? 1852ರಲ್ಲಿ ರಾಯಲ್ ವೈಲ್ಡರ್ ಎಂಬ ಅಮೆರಿಕದ ಪಾದ್ರಿ ಕೊಲ್ಲಾಪುರಕ್ಕೆ ಬಂದು ಶಾಲೆಗಳನ್ನು ತೆರೆದರು. ಅವರು ಹೂಡಿದ ಕೆಲಸವನ್ನು ಮುಂದೆ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ ವಹಿಸಿಕೊಂಡಿತು. ಆ ಸಭೆಯ ಪರವಾಗಿ 1889ರಲ್ಲಿ ಬಂದಿಳಿದವರು ವಿಲಿಯಂ ಜೇಮ್ಸ್ ವಾನ್ಲೆಸ್. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ 1865ರಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯವಿದ್ಯೆಯನ್ನು ಮುಗಿಸಿದ ಅವರಿಗೆ ಆಗಿನ್ನೂ ಇಪ್ಪತ್ನಾಲ್ಕು ವರ್ಷ. ಜೊತೆಗೆ ಪತ್ನಿ ಮೇರಿ ಬಂದಿದ್ದರು. ಆಕೆ ಶುಶ್ರೂಷೆಯನ್ನು ಕಲಿತವರು. ಮೊದಲು ಸಾಂಗಲಿಯಲ್ಲಿ, ಅನಂತರ ಮಿರಜದ ಪೇಟೆಯಲ್ಲಿ ಸಣ್ಣ ಔಷಧಾಲಯವೊಂದನ್ನು ನಡೆಸಿದ ಬಳಿಕ, ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್ ಎಂಬ ರೈಲು ಎಂಜಿನ್ ತಯಾರಕರ ದಾನದಿಂದ 1894ರಲ್ಲಿ ಆಸ್ಪತ್ರೆಯ ಕಟ್ಟಡ ಎದ್ದಿತು. 1897ರಲ್ಲಿ ವೈದ್ಯಶಾಲೆಯೂ ಆರಂಭವಾಯಿತು. ಕುಷ್ಠರೋಗಿಗಳಿಗೆ ಒಂದು ಆಶ್ರಯ, ಕ್ಷಯರೋಗಿಗಳಿಗೆ ವಾನ್ಲೆಸ್‌ವಾಡಿ ಆಮೇಲೆ ಬಂದವು.

1894 ಎಂಬುದು ಕನ್ನಡಿಗರು ಬೇರೊಂದು ಕಾರಣಕ್ಕಾಗಿಯೂ ನೆನೆಯುವ ವರ್ಷ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ಆ ವರ್ಷವೇ. ಒಬ್ಬರು ಮಾತುಗಳನ್ನು ಒಂದೊಂದಾಗಿ ಹೆಕ್ಕಿದರು. ಇನ್ನೊಬ್ಬರು ಬೇನೆಯವರನ್ನು ಒಬ್ಬೊಬ್ಬರಾಗಿ ಕಂಡರು. ಇಬ್ಬರ ಕೆಲಸದಲ್ಲಿಯೂ ಕಾಣುವ ಗುಣ ಒಂದೇ: ಇಂದಿನ ಪಾಲಿಗೆ ಬಂದ ಸಣ್ಣ ಕೆಲಸವನ್ನು ಇಂದು ಮಾಡಿ, ಉಳಿದುದನ್ನು ದೇವರಿಗೆ ಬಿಡುವುದು.

ಕುದಿಯುವ ನೀರು, ಮುಚ್ಚಿದ ಕಣ್ಣು

ಶಸ್ತ್ರಕ್ರಿಯೆಯ ಕೋಣೆಯಲ್ಲಿ ಕತ್ತಿಯನ್ನು ಕೈಗೆತ್ತಿಕೊಳ್ಳುವ ಮೊದಲು ಪ್ರಾರ್ಥಿಸುವುದು ಮಿರಜದ ಆ ಆಸ್ಪತ್ರೆಯಲ್ಲಿ ಬೆಳೆದುಬಂದ ಸಂಪ್ರದಾಯ. ಮೇಜಿನ ಮೇಲೆ ಮಲಗಿದ ರೋಗಿ ಯಾವ ಜಾತಿಯವನು, ಯಾವ ದೇವರ ಒಕ್ಕಲು ಎಂಬುದು ಅಲ್ಲಿ ಪ್ರಶ್ನೆಯಲ್ಲ. ವೈದ್ಯರು, ಸಹಾಯಕರು, ದಾದಿಯರು ಒಂದು ಕ್ಷಣ ತಲೆ ತಗ್ಗಿಸಿ ನಿಲ್ಲುವರು, ಆಮೇಲೆ ಕೆಲಸ.

ಇದನ್ನು ಕೇಳಿದ ಇಂದಿನ ಓದುಗರಿಗೆ, ವಿದ್ಯೆಯಲ್ಲಿ ನಂಬಿಕೆಯಿಲ್ಲದವರು ದೇವರ ಮೊರೆ ಹೋಗುತ್ತಿದ್ದರೆಂದು ತೋರಬಹುದು. ನಿಜಸ್ಥಿತಿ ಹಾಗಿರಲಿಲ್ಲ. ಗಾಯ ಕೊಳೆಯುವುದಕ್ಕೆ ಕಣ್ಣಿಗೆ ಕಾಣದ ಜೀವಿಗಳೇ ಕಾರಣವೆಂಬ ತಿಳಿವಿನ ಆಧಾರದಿಂದ ಜೋಸೆಫ್ ಲಿಸ್ಟರರು 1867ರಲ್ಲಿ ಪ್ರಕಟಿಸಿದ ಕ್ರಮ, ವಾನ್ಲೆಸ್ ವಿದ್ಯಾರ್ಥಿಯಾಗಿದ್ದಾಗ ಇನ್ನೂ ಹೊಸದು. ಕಣ್ಣಿನ ಶಸ್ತ್ರಕ್ರಿಯೆಗೆ ಕೊಕೇನ್ ಹನಿಯನ್ನು ಬಿಟ್ಟು ನೋವನ್ನು ಅಡಗಿಸಬಹುದೆಂದು ವಿಯೆನ್ನಾದ ಕಾರ್ಲ್ ಕೊಲ್ಲರ್ ತೋರಿಸಿದ್ದು 1884ರಲ್ಲಿ. ಹೊಸ ತಲೆಮಾರಿನ ಆ ವೈದ್ಯರಿಗೆ ಈ ವಿದ್ಯೆಯೆಲ್ಲ ಕರಗತವಾಗಿತ್ತು. ಉಪಕರಣಗಳನ್ನು ಕುದಿಸಬೇಕು, ಕೈಗಳನ್ನು ಮೊಣಕೈವರೆಗೆ ತಿಕ್ಕಿ ತೊಳೆಯಬೇಕು, ಬಟ್ಟೆ ಶುದ್ಧವಾಗಿರಬೇಕು. ಇಷ್ಟೂ ಆದಮೇಲೆ ಪ್ರಾರ್ಥನೆ. ತೊಳೆಯದ ಕೈಗಳನ್ನು ಜೋಡಿಸಿ ದೇವರಿಗೆ ಹೊಣೆ ಹೊರಿಸುವುದು ಭಕ್ತಿಯಲ್ಲ. ಅದು ಸೋಮಾರಿತನಕ್ಕೆ ತೊಡಿಸಿದ ಮಡಿ.

ಹಾಗಾದರೆ ಎಲ್ಲವನ್ನೂ ಕ್ರಮವಾಗಿ ಮಾಡಿದವನಿಗೆ ಪ್ರಾರ್ಥನೆಯಾದರೂ ಏಕೆ ಬೇಕು? ಕ್ರಮವೆಲ್ಲ ಮುಗಿದಲ್ಲಿಯೂ ಇನ್ನೊಂದು ಮುಗಿಯದೆ ಉಳಿಯುತ್ತಿತ್ತು. ಪೆನಿಸಿಲಿನ್ ಜನರಿಗೆ ಸಿಕ್ಕಿದ್ದು 1940ರ ದಶಕದಲ್ಲಿ. ಅದಕ್ಕೆ ಮೊದಲು, ಅತ್ಯುತ್ತಮ ಶಸ್ತ್ರವೈದ್ಯನೂ ಗಾಯವನ್ನು ಹೊಲಿದು ಮುಗಿಸಿದ ಬಳಿಕ ಕಾಯಬೇಕಾಗಿತ್ತು. ಜ್ವರ ಏರೀತೋ ಇಳಿದೀತೋ, ಕೀವು ಕಟ್ಟೀತೋ ಮಾಂಸ ಕೂಡೀತೋ, ಅವನ ಕೈಯಲ್ಲಿರಲಿಲ್ಲ. ಕತ್ತರಿಸುವುದು ಮನುಷ್ಯನಿಂದಾದೀತು, ಕೂಡಿಸುವುದು ಅವನಿಂದಾಗದು. ಪ್ರಾರ್ಥನೆ ಈ ಸತ್ಯವನ್ನು ಪ್ರತಿನಿತ್ಯ, ಪ್ರತಿ ರೋಗಿಯ ಮುಂದೆ ಬಾಯಿಬಿಟ್ಟು ಒಪ್ಪಿಕೊಳ್ಳುವ ರೀತಿಯಾಗಿತ್ತು. ಮಲಗಿದವನಿಗೆ ಅದರಿಂದ ಧೈರ್ಯ ಬಂದಿರಬಹುದು. ನಿಂತವನಿಗೆ ಅದಕ್ಕಿಂತಲೂ ಬೇಕಾದುದು ಸಿಕ್ಕಿತು: ತಾನು ದೇವರಲ್ಲವೆಂಬ ನೆನಪು.

ಕಣ್ಣಿನ ಪೊರೆಯ ರೋಗಿಗಳನ್ನು ನೆನೆಯಬೇಕು. ವರ್ಷಗಟ್ಟಲೆ ಮೊಮ್ಮಕ್ಕಳ ಮುಖವನ್ನು ಧ್ವನಿಯಿಂದಲೇ ಗುರುತಿಸುತ್ತಿದ್ದ ಮುದುಕಿ, ಗಾಡಿಯಲ್ಲಿ ಬಂದು, ಪೊರೆ ತೆಗೆಸಿಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಲುಗಾಡದೆ ದಿನಗಳನ್ನು ಕಳೆಯಬೇಕು. ಪಟ್ಟಿ ಬಿಚ್ಚುವ ಆ ಬೆಳಗಿನಲ್ಲಿ ಮಂಚದ ಸುತ್ತ ನಿಂತವರೆಲ್ಲರ ಉಸಿರು ಒಂದು ಗಳಿಗೆ ನಿಲ್ಲುತ್ತದೆ. ಬೆಳಕು ಬಂದರೆ ಆಕೆ ವೈದ್ಯನ ಕಾಲಿಗೆ ಬೀಳಲು ಹೋಗುತ್ತಾಳೆ. ನಮ್ಮ ಕಡೆಯ ಮುದುಕಿಯರು ಬೇರೇನು ಮಾಡಿಯಾರು? ಇಲ್ಲಿಯೇ ಪರೀಕ್ಷೆ.

ಕಾಲಿಗೆ ಬೀಳುವವರ ನಡುವೆ

ವಿನಯ ಬಡವನಿಗೆ ಸುಲಭವೆಂದಲ್ಲ. ಆದರೆ ಶಕ್ತನಿಗೆ ಅದು ಇನ್ನೂ ಕಷ್ಟ. ವಾನ್ಲೆಸರಂಥವರ ಸ್ಥಿತಿಯನ್ನು ಬಿಚ್ಚಿ ನೋಡಿದರೆ ಅಹಂಕಾರಕ್ಕೆ ಬೇಕಾದುದೆಲ್ಲವೂ ಅಲ್ಲಿತ್ತು. ದೇಶ ಬಿಳಿಯರ ಆಳ್ವಿಕೆಯಲ್ಲಿತ್ತು, ಅವರು ಬಿಳಿಯರು. ಜನ ರೋಗದಿಂದ ದಿಕ್ಕೆಟ್ಟಿದ್ದರು. ಅವರ ಕೈಯಲ್ಲಿ ಮದ್ದಿತ್ತು. ಕೊಲ್ಲಾಪುರದ ಅರಸರ ಸ್ನೇಹವಿತ್ತು. 1928ರಲ್ಲಿ ‘ಸರ್’ ಪದವಿಯೂ ಬಂದಿತು.

ಮತ್ತೊಂದು ಮಾತನ್ನೂ ಮುಚ್ಚಿಡಬಾರದು. ಮಿಶನ್ನಿನವರು ಬಂದದ್ದು ಬರಿಯ ಔಷಧ ಕೊಡಲೆಂದಲ್ಲ. ತಮ್ಮ ಧರ್ಮವನ್ನು ಸಾರಲೆಂದು. ರೋಗಿಗಳಿಗೆ ಕ್ರಿಸ್ತನ ಕಥೆಯನ್ನು ಹೇಳುತ್ತಿದ್ದರು. ‘ಮಿಶನ್ ದವಾಖಾನೆಗೆ ಹೋದರೆ ಜಾತಿ ಕೆಟ್ಟೀತು’ ಎಂಬ ಭಯ ಹಳ್ಳಿಗಳಲ್ಲಿದ್ದುದು ಸಹಜವೇ. ನೋವಿನಲ್ಲಿರುವವನಿಗೆ ಬೋಧಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಗಾಂಧೀಜಿ ಮಿಶನರಿಗಳ ಮುಂದೆ ನೇರವಾಗಿಯೇ ಇಟ್ಟಿದ್ದರು. ಸೇವೆ ಬೇಟೆಯ ಬಲೆಯಾದರೆ ಅದು ಸೇವೆಯಲ್ಲ. ಅದರಲ್ಲಿ ವಿನಯಕ್ಕೆ ಎಡೆಯೇ ಇಲ್ಲ.

ಈ ಪ್ರಶ್ನೆಗೆ ಉತ್ತರ ದೊರೆಯುವುದು ವಾದದಲ್ಲಲ್ಲ, ವಾರ್ಡಿನ ದಿನಚರಿಯಲ್ಲಿ. ಚಿಕ್ಕೋಡಿ ಸೀಮೆಯಿಂದ ಹೋದ ಅಸಂಖ್ಯ ಜನ ಗುಣವಾಗಿ ಮರಳಿ ಬಂದರು. ಲಿಂಗವಂತರು ಲಿಂಗವಂತರಾಗಿಯೇ, ಜೈನರು ಜೈನರಾಗಿಯೇ, ಮುಸಲ್ಮಾನರು ಮುಸಲ್ಮಾನರಾಗಿಯೇ ಬಂದರು. ಬಂದವರು ಮತ್ತೆ ಕಾಯಿಲೆ ಬಿದ್ದಾಗ ಮತ್ತೆ ಹೋದರು. ಕಥೆ ಕೇಳಿಯೂ ಒಪ್ಪದೆ ಹೋದವನ ಗಾಯವನ್ನು ಮರುದಿನ ಬೆಳಿಗ್ಗೆ ಅದೇ ಅಕ್ಕರೆಯಿಂದ ತೊಳೆಯುವುದಾದರೆ, ಅಲ್ಲಿ ಧರ್ಮವಿದೆಯೆಂದು ಹಳ್ಳಿಯವನೂ ಬಲ್ಲ. ಕೈ ಒರಟಾದರೆ ಅದನ್ನೂ ಬಲ್ಲ.

ಆ ತೊಳೆಯುವ ಕೆಲಸವನ್ನು ಮಾಡಿದವರು ಯಾರೆಂಬುದು ಮುಖ್ಯ. ವಾನ್ಲೆಸರ ಹೆಸರು ಕಲ್ಲಿನಲ್ಲಿದೆ. ದಾದಿಯರ ಹೆಸರು ಎಲ್ಲಿಯೂ ಇಲ್ಲ. ಪರರ ಮಲಮೂತ್ರವನ್ನು ಎತ್ತುವುದು, ಕೀವು ಸೋರುವ ಹುಣ್ಣನ್ನು ಮುಟ್ಟುವುದು ನಮ್ಮ ಸಮಾಜದಲ್ಲಿ ಯಾವ ಮನೆತನಸ್ಥ ಹೆಣ್ಣೂ ಮಾಡಬಾರದ ಕೆಲಸವೆಂದು ಎಣಿಸುತ್ತಿದ್ದ ಕಾಲ ಅದು. ಆ ಕೆಲಸಕ್ಕೆ ಮುಂದೆ ಬಂದವರಲ್ಲಿ ಬಹುಮಂದಿ ಈ ನೆಲದ ಕ್ರೈಸ್ತ ಹೆಣ್ಣುಮಕ್ಕಳು. ಹುಟ್ಟಿದ ಕೇರಿಯ ಕಾರಣಕ್ಕೆ ಊರಬಾವಿಯ ನೀರನ್ನು ಮುಟ್ಟಗೊಡದ ಸಮಾಜದಲ್ಲಿ, ಅದೇ ಕೇರಿಗಳ ಮಗಳು, ಅದೇ ಸಮಾಜದ ಹಿರಿಯನ ಒಣಗಿದ ಬಾಯಿಗೆ ನಡುರಾತ್ರಿ ನೀರು ಹನಿಸುವ ದೃಶ್ಯ ಇಂಥ ವಾರ್ಡುಗಳಲ್ಲಿ ನಡೆದದ್ದು. ಆ ನೀರನ್ನು ಬೇಡವೆನ್ನಲು ಅವನಿಗೆ ಶಕ್ತಿಯಿರಲಿಲ್ಲ. ಹಂಗಿಸಲು ಆಕೆಗೆ ಮನಸ್ಸಿರಲಿಲ್ಲ. ಕಡೆಯ ಊಟದ ರಾತ್ರಿ ಕ್ರಿಸ್ತನು ನಡುವಿಗೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಪಾದಗಳನ್ನು ತೊಳೆದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಆ ಕಥೆಗೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ.

ನೆಚ್ಚಿಕೆಯೆಂಬುದು ಸುಖದ ದಿನಗಳ ಮಾತೂ ಅಲ್ಲ. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ಬೇಗನೆ ಈ ಸೀಮೆಗೂ ಹಬ್ಬಿತು; ಊರಿಗೆ ಊರೇ ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿತು. ವಾನ್ಲೆಸರ ಮನೆಯೂ ದುಃಖದಿಂದ ಹೊರತಾಗಿರಲಿಲ್ಲ. ಜೊತೆಯಲ್ಲಿ ಬಂದಿದ್ದ ಮೇರಿ 1906ರಲ್ಲಿ ತೀರಿಕೊಂಡರು. ಅಷ್ಟು ಜನರನ್ನು ಬದುಕಿಸಿದ ವೈದ್ಯನಿಗೆ ಸ್ವಂತ ಪತ್ನಿಯನ್ನು ಉಳಿಸಿಕೊಳ್ಳಲಾಗಲಿಲ್ಲ. ದೇವರನ್ನು ನಂಬುವುದೆಂದರೆ ಕೇಳಿದ್ದು ಸಿಗುತ್ತದೆಂಬ ಲೆಕ್ಕಾಚಾರವಾಗಿದ್ದರೆ, ಆ ಲೆಕ್ಕ ಅಂದೇ ಮುಗಿಯಬೇಕಾಗಿತ್ತು. ಅವರು ಮತ್ತೆ ಶಸ್ತ್ರಕ್ರಿಯೆಯ ಕೋಣೆಗೆ ಹೋದರು, ತಲೆ ತಗ್ಗಿಸಿ ನಿಂತರು, ಕೆಲಸ ಮಾಡಿದರು. ಮುಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ಮಾಡಿದರು. 1933ರಲ್ಲಿ ಅವರು ಅಮೆರಿಕದಲ್ಲಿ ಕಾಲವಾದರು. ಮಿರಜದಲ್ಲಿ 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾದಾಗ ಅದಕ್ಕೆ ಆಸರೆಯಾಗಿ ನಿಂತದ್ದು ಅವರು ಕಟ್ಟಿದ ಆಸ್ಪತ್ರೆಯೇ.

ಎರಡು ವಿನಯಗಳು

ಬೇಡಕಿಹಾಳದ ಬಯಲಿನಲ್ಲಿ ನಿಂತು ಯೋಚಿಸಿದರೆ ಎರಡು ದಾರಿಗಳು ಕಾಣುತ್ತವೆ. ಭೋಜದ ಮುನಿ ತನ್ನ ಬಿಡುಗಡೆಗೆ ತಾನೇ ಹೊಣೆಯೆಂದು, ಯಾವ ದೇವರ ಕೃಪೆಯನ್ನೂ ಬೇಡದೆ, ಬಟ್ಟೆಯನ್ನೂ ಬಿಟ್ಟು ನಡೆದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನೂ ಬಿಟ್ಟರು. ಮಿರಜದ ವೈದ್ಯ ತನ್ನಿಂದ ತಾನು ಏನೂ ಅಲ್ಲವೆಂದು, ಎಲ್ಲವೂ ಕೃಪೆಯೆಂದು ನಂಬಿ, ಜಗತ್ತಿನ ನಡುವೆಯೇ ರಕ್ತ ಕೀವುಗಳಲ್ಲಿ ಕೈಯಿಟ್ಟು ನಡೆದರು. ತತ್ತ್ವದಲ್ಲಿ ಇವೆರಡೂ ಒಂದೇ ಎನ್ನುವುದು ಎರಡಕ್ಕೂ ಮಾಡುವ ಅನ್ಯಾಯ. ಆದರೆ ‘ನಾನು’ ಎಂಬುದನ್ನು ಸಣ್ಣದು ಮಾಡುವ ಕಷ್ಟವನ್ನು ಇಬ್ಬರೂ ಬಲ್ಲರು. ಒಂದನ್ನು ಕಂಡು ಕೈಮುಗಿದ ಜನಕ್ಕೆ ಮತ್ತೊಂದನ್ನು ಗುರುತಿಸುವುದು ಕಷ್ಟವಾಗಲಿಲ್ಲ.

ಬೆಳಗಾವಿ ಜಿಲ್ಲೆಯಲ್ಲಿ ಕ್ರೈಸ್ತ ನಂಬಿಕೆ ಈ ನೆಲದ ಉಡುಪನ್ನೇ ತೊಟ್ಟದ್ದೂ ಉಂಟು. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಯೇಸುಸಭೆಯ ಗುರುಗಳಾದ ಸ್ವಾಮಿ ಅನಿಮಾನಂದರು ಕಾವಿಯುಟ್ಟು, ಸಸ್ಯಾಹಾರವನ್ನು ಕೈಕೊಂಡು, ವಿರಕ್ತಮಠದ ರೀತಿಯಲ್ಲಿ ಬಾಳಿದರು. ಜನರನ್ನು ತಮ್ಮ ಮೇಜಿಗೆ ಕರೆಯುವುದಕ್ಕೆ ಬದಲು ಜನರ ಪಂಕ್ತಿಯಲ್ಲಿ ತಾವೇ ಬಂದು ಕುಳಿತರು. ಅತಿಥಿಯಾಗಿ ಬಂದವನು ಮನೆಯ ರೀತಿಯನ್ನು ಕಲಿಯುವುದೂ ವಿನಯದ ಒಂದು ಬಗೆ.

ಇವೆಲ್ಲ ದೊಡ್ಡವರ ಸಂಗತಿಗಳಾದುವು. ಆದರೆ ನಂಬಿಕೆಯ ಬಾಳುವೆ ನಿಲ್ಲುವುದು ದೊಡ್ಡವರ ಮೇಲಲ್ಲ. ಕ್ರಿಸ್ತನು ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದು ಆ ದಿನದ ರೊಟ್ಟಿಯನ್ನು ಮಾತ್ರ, ನಾಳೆಯ ಕಣಜವನ್ನಲ್ಲ. ಮಳೆಯನ್ನು ನೋಡಿ ಬಿತ್ತುವ ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲವನ್ನು ಹಸನು ಮಾಡುವುದು ಅವನ ಪಾಲು, ಮೋಡವನ್ನು ಕಳಿಸುವುದು ಅವನದಲ್ಲ. ಹಾಗೆಂದು ಅವನು ರಂಟೆ ಹೊಡೆಯುವುದನ್ನು ಬಿಡುವುದಿಲ್ಲ. ಬೆಳೆ ಬಂದಾಗ ತಾನೇ ಬೆಳೆಸಿದೆನೆಂದು ಮೆರೆಯುವುದೂ ಇಲ್ಲ. ಪಟ್ಟಣದ ಮನೆಯಲ್ಲಿ ಮಕ್ಕಳನ್ನು ಓದಿಸುವ ತಾಯಿಗೂ, ಕಚೇರಿಯಲ್ಲಿ ಕಾಗದ ಬರೆಯುವ ಗುಮಾಸ್ತನಿಗೂ ಸಲ್ಲುವ ಮಾತು ಇದು. ಕೈ ತೊಳೆದುಕೊಳ್ಳಬೇಕು, ತಲೆ ತಗ್ಗಿಸಬೇಕು, ಎದುರಿಗಿರುವ ಕೆಲಸವನ್ನು ಮಾಡಬೇಕು.

ಇಂದು ಬೇಡಕಿಹಾಳದಿಂದ ಮಿರಜಕ್ಕೆ ಹೋಗಲು ಎತ್ತಿನ ಗಾಡಿ ಬೇಕಿಲ್ಲ. ಸೇತುವೆಗಳಿವೆ, ಮೋಟಾರುಗಳಿವೆ. ಸಂಜೆಯ ಹೊತ್ತು ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುವಾಗ, ಕಬ್ಬಿನ ಗದ್ದೆಗಳ ನಡುವಣ ರಸ್ತೆಯಲ್ಲಿ ದೀಪ ಹೊತ್ತಿಸಿಕೊಂಡ ವಾಹನವೊಂದು ಉತ್ತರಕ್ಕೆ ಧಾವಿಸುವುದುಂಟು. ಒಳಗೆ ಯಾರದೋ ಅಜ್ಜಿ, ಯಾರದೋ ಮಗು. ದಾರಿಯ ಬದಿಯಲ್ಲಿ ನಿಂತ ರೈತನೊಬ್ಬ ಗಾಡಿಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾನೆ. ಹೋಗುತ್ತಿರುವವರು ಯಾರೆಂದು ಅವನಿಗೆ ಗೊತ್ತಿಲ್ಲ. ಅವರ ದೇವರು ಯಾರೆಂದೂ ಗೊತ್ತಿಲ್ಲ. ಒಂದು ಕ್ಷಣ ಹಣೆಗೆ ಕೈ ಮುಟ್ಟಿಸಿ, ಎತ್ತುಗಳನ್ನು ಮತ್ತೆ ರಸ್ತೆಗೆ ತಿರುಗಿಸುತ್ತಾನೆ.